ಸೋತ ಊರು, ಗೆದ್ದ ಶಾಲೆ: ಇಟಲಿಯ ಅರೆಟ್ಸೊದಲ್ಲಿ ಮಕ್ಕಳು ಓದಿದ ಬಗೆ

1384ರಲ್ಲಿ ಫ್ಲಾರೆನ್ಸ್ ನಗರ ತನ್ನ ನೆರೆಯ ಅರೆಟ್ಸೊ ಪಟ್ಟಣವನ್ನು 40,000 ಚಿನ್ನದ ಫ್ಲಾರಿನ್ ಕೊಟ್ಟು ಕೊಂಡುಕೊಂಡಿತು. ಮಾರಿದವನು ಆ ಊರಿನವನಲ್ಲ. ದಂಡೆತ್ತಿ ಬಂದು ಊರನ್ನು ಹಿಡಿದಿದ್ದ ಫ್ರೆಂಚ್ ಸರದಾರ ಅವನು. ಅಲ್ಲಿಗೆ ಅರೆಟ್ಸೊ ಸ್ವತಂತ್ರವಾಗಿದ್ದ ಕಾಲ ಮುಗಿಯಿತು.

ಆದರೆ ಮುಂದಿನ ಶತಮಾನದಲ್ಲಿ ಏನಾಯಿತು ನೋಡಿ. ಫ್ಲಾರೆನ್ಸ್ ಸರ್ಕಾರದ ಪತ್ರಗಳನ್ನು ಬರೆಯುವ ಹೊಣೆ ಚಾನ್ಸಲರ್‌ನದು. 1427ರಿಂದ 1464ರವರೆಗೆ ಆ ಹುದ್ದೆಗೆ ಒಬ್ಬರ ನಂತರ ಒಬ್ಬರಂತೆ ನಾಲ್ವರು ಬಂದರು: ಲಿಯೊನಾರ್ಡೊ ಬ್ರೂನಿ, ಕಾರ್ಲೊ ಮಾರ್ಸುಪ್ಪಿನಿ, ಪೊಜ್ಜೊ ಬ್ರಾಚ್ಚೊಲಿನಿ, ಬೆನೆದೆತ್ತೊ ಅಕ್ಕೊಲ್ತಿ. ಇವರಲ್ಲಿ ಮೂವರು ಅರೆಟ್ಸೊದ ಮನೆತನಗಳವರು. ಪೊಜ್ಜೊ ಹುಟ್ಟಿದ್ದು ಅದೇ ಸೀಮೆಯ ತೆರ್ರನೊವಾದಲ್ಲಿ. ಗೆದ್ದ ಊರಿನ ಪರವಾಗಿ ಪೋಪ್‌ಗೂ ರಾಜರಿಗೂ ಲ್ಯಾಟಿನ್‌ನಲ್ಲಿ ಪತ್ರ ಬರೆದವರು ಸೋತ ಊರಿನ ಕಡೆಯವರು! ಇದು ಸುಮ್ನೆ ಹಾಗೇ ಆಯಿತು ಅಂತ ನನಗೆ ಅನ್ನಿಸುವುದಿಲ್ಲ. ಆ ಊರಿಗೆ ಓದಿನ ಹಳೆಯ ರೂಢಿ ಇತ್ತು.

1215ರಲ್ಲೇ ರೊಫ್ರೆದೊ ಎಂಬ ಹೆಸರಾಂತ ಕಾನೂನು ಪಂಡಿತರು ಕಾನೂನು ಓದಿಗೆ ಹೆಸರಾದ ಬೊಲೊನ್ಯ ನಗರ ಬಿಟ್ಟು ಇಲ್ಲಿಗೆ ಬಂದು ಪಾಠ ಶುರು ಮಾಡಿದ್ದರು. 1255ರ ಹೊತ್ತಿಗೆ ಇಲ್ಲಿನ ಉನ್ನತ ವಿದ್ಯಾಲಯಕ್ಕೆ ಲಿಖಿತ ನಿಯಮಗಳೂ ಇದ್ದವು. ಆಮೇಲೆ ಯುದ್ಧ, ಒಳಜಗಳ. 1289ರಲ್ಲಿ ಕಂಪಾಲ್ದಿನೊ ಕಾಳಗದಲ್ಲಿ ಅರೆಟ್ಸೊ ಫ್ಲಾರೆನ್ಸ್ ಎದುರು ಸೋತಿತು. ದೊಡ್ಡ ವಿದ್ಯಾಲಯದ ಕಳೆ ಉಳಿಯಲಿಲ್ಲ. ಉಳಿದದ್ದು ಮಕ್ಕಳ ಶಾಲೆ.

ಈ ಶಾಲೆಯನ್ನು ಯಾರು ನಡೆಸುತ್ತಿದ್ದರು ಅನ್ನುವುದೇ ನನಗೆ ಇಲ್ಲಿ ಮುಖ್ಯ. ಫ್ಲಾರೆನ್ಸ್‌ನಂಥ ದೊಡ್ಡ ನಗರದಲ್ಲಿ ಖಾಸಗಿ ಮೇಷ್ಟ್ರುಗಳಿಗೆ ಕೊರತೆ ಇರಲಿಲ್ಲ. 1330ರ ದಶಕದ ಕೊನೆಯಲ್ಲಿ ಅಲ್ಲಿ 8,000ದಿಂದ 10,000 ಹುಡುಗ ಹುಡುಗಿಯರು ಓದಲು ಕಲಿಯುತ್ತಿದ್ದರು ಅಂತ ಇತಿಹಾಸಕಾರ ಜೊವಾನಿ ವಿಲ್ಲಾನಿ ಬರೆದಿದ್ದಾರೆ. ಲೆಕ್ಕ ಸ್ವಲ್ಪ ಜಾಸ್ತಿಯೇ ಆಗಿರಬಹುದು, ಆದರೂ ಅಷ್ಟು ಮಕ್ಕಳಿರುವ ಕಡೆ ಫೀಸಿನಿಂದಲೇ ಮೇಷ್ಟ್ರ ಹೊಟ್ಟೆ ತುಂಬುತ್ತದೆ. ಚಿಕ್ಕ ಊರಿನಲ್ಲಿ ಹಾಗಾಗುವುದಿಲ್ಲ, ಅಲ್ವಾ? ಅದಕ್ಕೇ ಇಂಥ ಊರುಗಳ ಪಂಚಾಯಿತಿಗಳು ತಮ್ಮ ಬೊಕ್ಕಸದಿಂದ ಸಂಬಳ ಕೊಟ್ಟು ಮೇಷ್ಟ್ರನ್ನು ಕರೆಸಿಕೊಳ್ಳುತ್ತಿದ್ದವು. ಸಾಮಾನ್ಯವಾಗಿ ಒಂದೆರಡು ವರ್ಷದ ಕರಾರು. ಎಷ್ಟೋ ಸಲ ಮೇಷ್ಟ್ರು ಬೇರೆ ಊರಿನವರು. ಸಂಬಳದ ಮೇಲೆ ಮಕ್ಕಳಿಂದ ಫೀಸೂ ಬರುತ್ತಿತ್ತು. ಊರಿಗೆ ಇದು ದಾನಧರ್ಮದ ಮಾತಾಗಿರಲಿಲ್ಲ. ಜಮೀನು, ಸಾಲ, ಮದುವೆ, ಉಯಿಲು, ಎಲ್ಲಕ್ಕೂ ಲ್ಯಾಟಿನ್‌ನಲ್ಲಿ ಪತ್ರ ಬರೆಯುವ ನೋಟರಿ ಬೇಕಿತ್ತು. ಶಾಲೆ ಇಲ್ಲದಿದ್ದರೆ ನೋಟರಿ ಎಲ್ಲಿಂದ ಬರಬೇಕು?

ಕಲಿಸುವ ಕ್ರಮ ಮಾತ್ರ ಮಕ್ಕಳಿಗೆ ಕಷ್ಟದ್ದೇ. ಮೊದಲು ಅಕ್ಷರ ಬರೆದ ಹಾಳೆ. ಆಮೇಲೆ ಪ್ರಾರ್ಥನೆ, ಕೀರ್ತನೆಗಳ ಪುಸ್ತಕ. ನಂತರ ದೊನಾತುಸ್ ಹೆಸರಿನ ಲ್ಯಾಟಿನ್ ವ್ಯಾಕರಣ. ಅದನ್ನು ಮಗು ಎರಡು ಸಲ ಓದಬೇಕಿತ್ತು. ಮೊದಲ ಸಲ ಅರ್ಥದ ಗೊಡವೆಯಿಲ್ಲ, ಅಕ್ಷರ ಕೂಡಿಸಿ ಉಚ್ಚರಿಸಿದರೆ ಸಾಕು. ಎರಡನೇ ಸಲ ಅರ್ಥದ ಜೊತೆ, ಬಾಯಿಪಾಠ. ಮನೆಯಲ್ಲಿ ಆಡುವ ಮಾತು ಒಂದು, ಮೊದಲ ಅಕ್ಷರ ಓದುವುದು ಇನ್ನೊಂದು ಭಾಷೆಯಲ್ಲಿ. ಆರೇಳು ವರ್ಷದ ಮಕ್ಕಳನ್ನು ನೆನೆದರೆ ಪಾಪ ಅನ್ನಿಸುತ್ತದೆ.

ವ್ಯಾಪಾರಿಗಳ ಮಕ್ಕಳಿಗೆ ಬೇರೆ ದಾರಿಯೂ ಇತ್ತು: ಅಬಾಕೊ, ಅಂದರೆ ಲೆಕ್ಕದ ಶಾಲೆ. ಅಲ್ಲಿ ಪಾಠ ಆಡುಮಾತಿನಲ್ಲೇ. ಪಾಲುದಾರರಿಗೆ ಲಾಭ ಹಂಚುವುದು, ಒಂದೂರಿನ ನಾಣ್ಯವನ್ನು ಇನ್ನೊಂದೂರಿನದಕ್ಕೆ ಬದಲಿಸುವುದು, ಹೀಗೆ ದಿನದ ಬದುಕಿನ ಲೆಕ್ಕಗಳು. ಈ ವಿದ್ಯೆಯ ಬೇರು 1202ರಲ್ಲಿ ಪೀಸಾದ ಫಿಬೊನಾಚ್ಚಿ ಬರೆದ ಗ್ರಂಥದಲ್ಲಿದೆ. ಅದು ಶುರುವಾಗುವುದೇ ಭಾರತೀಯರ ಒಂಬತ್ತು ಅಂಕಿಗಳಿಂದ. ಅರೆಟ್ಸೊದ ಸಾನ್ ಫ್ರಾಂಚೆಸ್ಕೊ ಚರ್ಚಿನ ಗೋಡೆಗಳಿಗೆ ಅದ್ಭುತ ಚಿತ್ರ ಬರೆದ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಕೂಡ ಇಂಥ ಲೆಕ್ಕದ ಪುಸ್ತಕವೊಂದನ್ನು ಬರೆದಿದ್ದರು.

ಲ್ಯಾಟಿನ್ ಶಾಲೆಗೆ 15ನೇ ಶತಮಾನದಲ್ಲಿ ಹೊಸ ಗಾಳಿ ಬೀಸಿತು. ಪ್ರಾಚೀನ ರೋಮಿನ ಭಾಷಣಕಾರ, ಲೇಖಕ ಸಿಸೆರೊನ ಹಾಗೆ ಬರೆಯಬೇಕು ಎಂಬ ಆಸೆ ಹುಟ್ಟಿತು. ಅದಕ್ಕೆ ಬ್ರೂನಿಯವರದು ದೊಡ್ಡ ಪಾಲು. 1384ರ ಗಲಭೆಯಲ್ಲಿ ಹುಡುಗ ಬ್ರೂನಿಯನ್ನು ಕ್ವರಾತಾ ಕೋಟೆಯಲ್ಲಿ ಕೂಡಿಹಾಕಿದ್ದರು. ಆ ಕೋಣೆಯಲ್ಲಿ ಕವಿ ಪೆಟ್ರಾರ್ಕನ ಚಿತ್ರವಿತ್ತು. 1304ರಲ್ಲಿ ಅರೆಟ್ಸೊದಲ್ಲೇ ಹುಟ್ಟಿದ ಕವಿ ಆತ. ದಿನವೂ ಆ ಮುಖ ನೋಡಿ ಓದಿನ ಹಂಬಲ ಹೊತ್ತಿಕೊಂಡಿತು ಎಂದು ಬ್ರೂನಿಯವರೇ ಬರೆದಿದ್ದಾರೆ.

ಅದೇ ಬ್ರೂನಿ ಮುಂದೆ ಬತ್ತಿಸ್ತಾ ಮಲತೆಸ್ತಾ ಎಂಬ ಮಹಿಳೆಗಾಗಿ ಓದಿನ ಬಗ್ಗೆ ಒಂದು ಗ್ರಂಥ ಬರೆದರು. ಕಾವ್ಯ, ಇತಿಹಾಸ, ಧರ್ಮ ಎಲ್ಲ ಓದಿ ಎಂದರು. ವಾದ ಮಂಡಿಸುವ ಭಾಷಣಕಲೆ ಮಾತ್ರ ಹೆಣ್ಣಿಗೆ ಬೇಡ ಎಂದರು. ಇದೂ ದೊಡ್ಡ ಮನೆಯ ಹೆಣ್ಣಿಗೆ ಸಿಕ್ಕ ಭಾಗ್ಯ. ಊರಿನ ಲ್ಯಾಟಿನ್ ಶಾಲೆ ಗಂಡುಮಕ್ಕಳದಾಗಿತ್ತು. ಮಿಕ್ಕ ಹುಡುಗಿಯರಲ್ಲಿ ಹೆಚ್ಚಿನವರಿಗೆ ಮನೆಯೋ ಮಠವೋ ಕಲಿಸಿದಷ್ಟೇ. ಆ ಕಾಲದ ಶಾಲೆಗಳನ್ನು ಹೊಗಳುವಾಗ ಇದನ್ನು ಮರೆಯಬಾರದು.

ಹುಡುಗರಿಗಂತೂ ಅಲ್ಲಿನ ಓದು ದೂರದ ಬಾಗಿಲು ತೆರೆಯುತ್ತಿತ್ತು. 1511ರಲ್ಲಿ ಅರೆಟ್ಸೊದಲ್ಲಿ ಹುಟ್ಟಿ, ಮುಂದೆ ಚಿತ್ರಕಾರನಾಗಿ, ಕಲಾವಿದರ ಜೀವನಕಥೆಗಳನ್ನು ಬರೆದು ಹೆಸರಾದ ಜಾರ್ಜೊ ವಸಾರಿಗೆ ಲ್ಯಾಟಿನ್ ಕಲಿಸಿದ್ದು ಊರಿನ ಮೇಷ್ಟ್ರು ಜೊವಾನಿ ಪೊಲ್ಲಾಸ್ತ್ರ. 1524ರಲ್ಲಿ ಕಾರ್ಡಿನಲ್ (ಪೋಪ್ ಕೆಳಗಿನ ಹಿರಿಯ ಧರ್ಮಾಧಿಕಾರಿ) ಸಿಲ್ವಿಯೊ ಪಸ್ಸೆರಿನಿ ಊರಿಗೆ ಬಂದಾಗ ಹುಡುಗ ವರ್ಜಿಲ್ ಕವಿಯ ಮಹಾಕಾವ್ಯದ ದೊಡ್ಡ ಭಾಗವನ್ನು ಅವರ ಮುಂದೆ ಬಾಯಿಪಾಠ ಒಪ್ಪಿಸಿದ. ಅವನ ಚಿತ್ರ ಬರೆಯುವ ಕೈಯನ್ನೂ ಮೆಚ್ಚಿದ ಕಾರ್ಡಿನಲ್ ಅವನನ್ನು ಫ್ಲಾರೆನ್ಸ್‌ಗೆ ಕರೆಸಿಕೊಂಡರು. ಕುಂಬಾರರ ವಂಶದ ಆ ಹುಡುಗ ಅಲ್ಲಿ ನಗರವನ್ನು ಆಳುತ್ತಿದ್ದ ಮೆದಿಚಿ ಮನೆಯ ಮಕ್ಕಳ ಜೊತೆ ದಿನಕ್ಕೆ ಎರಡು ಗಂಟೆ ಪಾಠಕ್ಕೆ ಕೂರುತ್ತಿದ್ದ.