ಡೋರಿಯಾ ಬ್ಲ್ಯಾಕ್ ಹ್ಯಾರಿ ಪಾಟರನ ಅಜ್ಜಿಯೇ?

ಪ್ರಶ್ನೆ: ಬ್ಲ್ಯಾಕ್ ಮನೆತನದ ವಂಶವೃಕ್ಷದಲ್ಲಿ ಡೋರಿಯಾ ಎಂಬಾಕೆ ಚಾರ್ಲಸ್ ಪಾಟರನನ್ನು ಮದುವೆಯಾಗಿದ್ದಳು, ಅವರಿಗೆ ಒಬ್ಬ ಮಗ ಎಂದಿದೆ. ಆ ಮಗನೇ ಹ್ಯಾರಿಯ ಅಪ್ಪ ಜೇಮ್ಸ್ ಅಲ್ಲವೇ? ಹಾಗಾದರೆ ಹ್ಯಾರಿಗೂ, ಬ್ಲ್ಯಾಕ್ ಮನೆಯ ಮಗನೂ ಜೇಮ್ಸ್‌ನ ಗೆಳೆಯನೂ ಆದ ಸಿರಿಯಸ್‌ಗೂ ರಕ್ತಸಂಬಂಧವಿದೆ ಎಂದಾಯಿತಲ್ಲ?

ಆ ಮಗ ಜೇಮ್ಸ್ ಅಲ್ಲ. ಜೇಮ್ಸ್‌ನ ಅಪ್ಪ ಫ್ಲೀಮಾಂಟ್ ಪಾಟರ್, ಅಮ್ಮ ಯುಫೀಮಿಯಾ. 2015ರಲ್ಲಿ ಲೇಖಕಿ ಜೆ.ಕೆ. ರೌಲಿಂಗ್ ಅವರೇ ಪಾಟರ್ ಮನೆತನದ ಚರಿತ್ರೆ ಬರೆದು ಇದನ್ನು ಇತ್ಯರ್ಥ ಮಾಡಿದರು. ಫ್ಲೀಮಾಂಟ್ ಕೂದಲು ನುಣುಪಾಗಿಸುವ ಔಷಧಿ ಕಂಡುಹಿಡಿದು, ಮನೆಯ ಚಿನ್ನವನ್ನು ನಾಲ್ಕು ಪಟ್ಟು ಮಾಡಿದವನು. (ಅವನ ಮೊಮ್ಮಗನ ತಲೆಕೂದಲು ಮಾತ್ರ ಯಾವ ಬಾಚಣಿಗೆಗೂ ಬಗ್ಗಲಿಲ್ಲ.)

ಆದರೂ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಅದಕ್ಕೆ ಕಾರಣವೂ ಇದೆ. ಡೋರಿಯಾಳ ಹೆಸರು ಏಳು ಕಾದಂಬರಿಗಳಲ್ಲಿ ಎಲ್ಲೂ ಇಲ್ಲ. ಅದು ಬಂದಿರುವುದು ರೌಲಿಂಗ್ ಕೈಯಾರೆ ಬರೆದ ಒಂದು ವಂಶವೃಕ್ಷದ ಹಾಳೆಯಿಂದ. 2006ರಲ್ಲಿ ಬುಕ್ ಏಡ್ ಇಂಟರ್‌ನ್ಯಾಷನಲ್ ಸಂಸ್ಥೆಯ ಸಹಾಯಾರ್ಥ ಹರಾಜಿನಲ್ಲಿ ಆ ಹಾಳೆ 30,000 ಪೌಂಡಿಗೆ ಹೋಯಿತು. ಅದರಲ್ಲಿ ಡೋರಿಯಾಳ ಬಗ್ಗೆ ಇರುವುದು ಇಷ್ಟೇ: ಹುಟ್ಟು 1920, ಸಾವು 1977, ಗಂಡ ಚಾರ್ಲಸ್ ಪಾಟರ್, ಮಗ ಒಬ್ಬ. ಮಗನ ಹೆಸರಿಲ್ಲ. ಜೇಮ್ಸ್ ಹುಟ್ಟಿದ್ದು 1960ರಲ್ಲಿ, ಆಗ ಡೋರಿಯಾಗೆ ನಲವತ್ತು. ತಂದೆತಾಯಿಗೆ ವಯಸ್ಸಾದ ಮೇಲೆ ಹುಟ್ಟಿದ ಒಬ್ಬನೇ ಮಗ ಜೇಮ್ಸ್ ಎಂದು ಲೇಖಕಿ 2005ರ ಸಂದರ್ಶನದಲ್ಲಿ ಹೇಳಿದ್ದರು. ಅಭಿಮಾನಿಗಳು ಎರಡಕ್ಕೂ ಗಂಟು ಹಾಕಿದರು. ಒಂಬತ್ತು ವರ್ಷ ಆ ಗಂಟು ಬಿಚ್ಚಲಿಲ್ಲ.

2015ರವರೆಗೆ ಕಾಯುವ ಅಗತ್ಯವೂ ಇರಲಿಲ್ಲ. ಅದೇ ಸಂದರ್ಶನದಲ್ಲಿ ಜೇಮ್ಸ್‌ನ ತಂದೆತಾಯಿ ಮಾಂತ್ರಿಕರ ಲೆಕ್ಕದಲ್ಲೂ ಮುದುಕರು ಎಂಬ ಮಾತಿದೆ. ಡೋರಿಯಾ ಸತ್ತದ್ದು ಐವತ್ತೇಳನೆಯ ವಯಸ್ಸಿನಲ್ಲಿ. ಅದೇ ಹಾಳೆಯಲ್ಲಿ ಆರ್ಕ್‌ಟುರಸ್ ತೊಂಬತ್ತು ಬದುಕಿದ್ದಾನೆ (1901–1991). ಆ ಜನಕ್ಕೆ ಐವತ್ತೇಳು ಮುಪ್ಪಲ್ಲ. ಈಗ ಗೊತ್ತಿರುವ ಇನ್ನೊಂದು ಸಂಗತಿ ಸೇರಿಸಿದರೆ ಲೆಕ್ಕ ಪೂರ್ತಿ ಮುರಿದುಬೀಳುತ್ತದೆ. ಫ್ಲೀಮಾಂಟ್ ದಂಪತಿ ಮಗನ ಮದುವೆ ನೋಡಿಯೇ ತೀರಿಕೊಂಡವರು. ಜೇಮ್ಸ್ ಶಾಲೆ ಮುಗಿಸಿದ್ದೇ 1978ರಲ್ಲಿ, ಡೋರಿಯಾ ಅದಕ್ಕೂ ಮೊದಲೇ ಹೋಗಿಬಿಟ್ಟಿದ್ದಳು.

ನನಗೆ ಇದಕ್ಕಿಂತ ಗಟ್ಟಿ ಎನಿಸುವ ಸಾಕ್ಷಿ ಐದನೆಯ ಕಾದಂಬರಿಯ ಜವನಿಕೆಯ ದೃಶ್ಯ. ಬ್ಲ್ಯಾಕ್ ಮನೆಯ ಗೋಡೆಯ ಮೇಲೆ ಚಿನ್ನದ ದಾರದಲ್ಲಿ ನೇಯ್ದ ವಂಶವೃಕ್ಷ. ಅದರ ಮುಂದೆ ನಿಂತು ಸಿರಿಯಸ್ ಹ್ಯಾರಿಗೆ ಒಂದೊಂದೇ ಹೆಸರು ತೋರಿಸುತ್ತಾನೆ, ಮನೆತನದಿಂದ ಹೊರಹಾಕಿದವರ ಹೆಸರನ್ನು ಅಮ್ಮ ಸುಟ್ಟು ತೂತು ಮಾಡಿದ ಜಾಗಗಳನ್ನೂ ತೋರಿಸುತ್ತಾನೆ. ಹದಿನಾರಕ್ಕೆ ಮನೆ ಬಿಟ್ಟು ನಿನ್ನಪ್ಪನ ಮನೆಗೆ ಓಡಿದೆ, ನಿನ್ನ ಅಜ್ಜಿ ತಾತ ಚೆನ್ನಾಗಿ ನೋಡಿಕೊಂಡರು ಎಂದೂ ಹೇಳುತ್ತಾನೆ. ಆ ಅಜ್ಜಿ ಬ್ಲ್ಯಾಕ್ ಮನೆಮಗಳೇ ಆಗಿದ್ದರೆ ಅವಳ ಹೆಸರು ಅಲ್ಲೇ ಎದುರಿಗಿರಬೇಕಿತ್ತು. ಅನಾಥ ಹುಡುಗನಿಗೆ ‘ನೋಡು, ಇವಳೇ ನಿಮ್ಮಜ್ಜಿ’ ಎಂದು ತೋರಿಸದೆ ಸಿರಿಯಸ್ ಮುಂದಕ್ಕೆ ಹೋಗುತ್ತಿದ್ದನೇ?

ಸಂಬಂಧದ ಲೆಕ್ಕ ನಮ್ಮ ಭಾಷೆಯಲ್ಲಿ ಸಲೀಸು. ಇಂಗ್ಲಿಷಿನವರು ಎಲ್ಲರನ್ನೂ ‘ಕಸಿನ್’ ಎಂದು ಒಂದೇ ಚೀಲಕ್ಕೆ ತುಂಬುತ್ತಾರೆ. ಸಿಗ್ನಸ್ ಮತ್ತು ವಯೊಲೆಟಾಗೆ ನಾಲ್ಕು ಮಕ್ಕಳು: ಪೊಲಕ್ಸ್, ಕ್ಯಾಸಿಯೋಪಿಯಾ, ಮ್ಯಾರಿಯಸ್, ಡೋರಿಯಾ. ಪೊಲಕ್ಸ್‌ನ ಮಗಳು ವಾಲ್ಬರ್ಗಾ, ಅವಳ ಮಗ ಸಿರಿಯಸ್. ಅಂದರೆ ಡೋರಿಯಾ ವಾಲ್ಬರ್ಗಾಗೆ ಸೋದರತ್ತೆ, ಸಿರಿಯಸ್‌ಗೆ ತಾಯಿಯ ತಂದೆಯ ತಂಗಿ. ಜೇಮ್ಸ್ ಅವಳ ಮಗನಾಗಿದ್ದರೆ ವಾಲ್ಬರ್ಗಾಗೆ ಅತ್ತೆಮಗನಾಗುತ್ತಿದ್ದ, ಸಿರಿಯಸ್ ತನಗಿಂತ ಕೆಲವೇ ತಿಂಗಳು ಚಿಕ್ಕವನಾದ ಗೆಳೆಯನನ್ನು ವರಸೆಯಲ್ಲಿ ‘ಚಿಕ್ಕಪ್ಪ’ ಎನ್ನಬೇಕಾಗುತ್ತಿತ್ತು! ಅದೇ ಹಾಳೆಯಲ್ಲಿ ಇನ್ನೊಂದು ನೋಡಿ: ಸಿರಿಯಸ್‌ನ ಅಪ್ಪ ಓರಿಯನ್, ಅಮ್ಮ ವಾಲ್ಬರ್ಗಾ, ಇಬ್ಬರ ತಾತಂದಿರೂ ಅಣ್ಣತಮ್ಮಂದಿರು. ನಮ್ಮ ಕಡೆ ಅದು ದಾಯಾದಿ ಸಂಬಂಧ. ವಾಲ್ಬರ್ಗಾ ನಾಲ್ಕು ವರ್ಷ ದೊಡ್ಡವಳು, ವರಸೆಯಲ್ಲಿ ಅಕ್ಕ. ಅತ್ತೆಮಗಳನ್ನು ಕೊಟ್ಟು ತಂದು ಮಾಡುವ ಮನೆಗಳಲ್ಲೂ ಈ ಮದುವೆಗೆ ಯಾರೂ ಒಪ್ಪುವುದಿಲ್ಲ.

ಹಾಳೆಯನ್ನು ನಂಬುವಾಗ ಒಂದು ಎಚ್ಚರ ಬೇಕು. ಪೊಲಕ್ಸ್ ಹುಟ್ಟಿದ್ದು 1912, ಮಗಳು ವಾಲ್ಬರ್ಗಾ 1925. ಹದಿಮೂರಕ್ಕೇ ಅಪ್ಪ. ಅವನ ಮಗ ಸಿಗ್ನಸ್ (ತಾತನ ಹೆಸರೇ) 1938, ಸಿಗ್ನಸ್‌ನ ಮಗಳು ಬೆಲಾಟ್ರಿಕ್ಸ್ 1951. ಮತ್ತೆ ಹದಿಮೂರು. ಇದರಲ್ಲಿ ಗೂಢಾರ್ಥ ಹುಡುಕಬೇಡಿ. ಲೆಕ್ಕ ತನಗೆ ಬರುವುದಿಲ್ಲ ಎಂದು ಲೇಖಕಿಯೇ ಒಪ್ಪಿಕೊಂಡಿದ್ದಾರೆ. ಈ ತಪ್ಪಿನಿಂದಾಗಿಯೇ ಸೋದರತ್ತೆ ಡೋರಿಯಾಗೂ ಸೊಸೆ ವಾಲ್ಬರ್ಗಾಗೂ ಐದೇ ವರ್ಷ ಅಂತರ. ಆದ್ದರಿಂದ ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂಬುದನ್ನು ನಂಬಿ. ಇಸವಿಗಳನ್ನು ಪಕ್ಕದಲ್ಲಿಟ್ಟು ಕೂಡಿ ಕಳೆದು ನೋಡಿ.

ಹಾಗಾದರೆ ಡೋರಿಯಾಳಿಂದ ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಅವಳ ಹೆಸರು ಸುಟ್ಟಿಲ್ಲ. ಬ್ಲ್ಯಾಕ್ ಮನೆಗೆ ಒಪ್ಪದ ವೀಸ್ಲಿ ಮನೆತನದವನನ್ನು ಮದುವೆಯಾದ ಸೆಡ್ರೆಲಾಳ ಹೆಸರು ಸುಟ್ಟುಹೋಗಿದೆ, ಮಾಂತ್ರಿಕ ಶಕ್ತಿಯಿಲ್ಲದೆ ಹುಟ್ಟಿದ ಅಣ್ಣ ಮ್ಯಾರಿಯಸ್‌ನದೂ. 1930ರ ದಶಕದಲ್ಲಿ ಪ್ರಕಟವಾದ ‘ಶುದ್ಧರಕ್ತ’ದ (ಮಾಂತ್ರಿಕರಷ್ಟೇ ಇರುವ) ಇಪ್ಪತ್ತೆಂಟು ಮನೆತನಗಳ ಪಟ್ಟಿಯಲ್ಲಿ ಪಾಟರ್ ಹೆಸರಿಲ್ಲ, ಸಾಮಾನ್ಯ ಜನರಲ್ಲೂ ಇರುವ ಅಡ್ಡಹೆಸರು, ರಕ್ತ ಶುದ್ಧವಿರಲಾರದು ಎಂಬ ಅನುಮಾನಕ್ಕೆ ಕೈಬಿಟ್ಟಿದ್ದರು. ಪಟ್ಟಿಗೆ ಬೇಡವಾದ ಪಾಟರ್ ಬ್ಲ್ಯಾಕ್ ಮನೆಗೆ ಅಳಿಯನಾಗಿ ನಡೆದುಹೋದ.

ವಂಶವೃಕ್ಷ ಬರೆಯುವವರಿಗೆ: ಜೇಮ್ಸ್‌ನ ಮೇಲೆ ಫ್ಲೀಮಾಂಟ್, ಯುಫೀಮಿಯಾ, ಫ್ಲೀಮಾಂಟನ ಮೇಲೆ ಹೆನ್ರಿ, ಅಂದರೆ 1913ರಿಂದ 1921ರವರೆಗೆ ಮಾಂತ್ರಿಕರ ನ್ಯಾಯಸಭೆಯಲ್ಲಿದ್ದವನು. ಆಪ್ತರು ಅವನನ್ನು ಕರೆಯುತ್ತಿದ್ದದ್ದೂ ‘ಹ್ಯಾರಿ’ ಎಂದೇ. ಚಾರ್ಲಸ್ ಮತ್ತು ಡೋರಿಯಾರನ್ನು ಬ್ಲ್ಯಾಕ್ ಮರದಲ್ಲೇ ಬಿಡಿ. ಚಾರ್ಲಸ್‌ನಿಂದ ಫ್ಲೀಮಾಂಟನಿಗೆ ಗೆರೆ ಎಳೆಯಬೇಡಿ, ಚುಕ್ಕಿ ಗೆರೆಯೂ ಬೇಡ. ಹಾಗೆ ಎಳೆದ ಚುಕ್ಕಿಗಳೇ ಆಮೇಲೆ ಗಟ್ಟಿ ಗೆರೆಗಳಾಗಿ ಊರೆಲ್ಲ ಹಬ್ಬಿದ್ದು.