ಉಯಿಲು ನಿಲ್ಲುವುದು ಸಾಕ್ಷಿಗಳ ಮೇಲೆ

ಉಯಿಲು ಬರೆಸಲು ಬರುವವರು ಮೊದಲು ಕೇಳುವುದು ಛಾಪಾಕಾಗದದ ಬಗ್ಗೆ. ಅದು ಬೇಕಿಲ್ಲ. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ. ಬಿಳಿ ಹಾಳೆಯ ಮೇಲೆ ಕೈಯಲ್ಲಿ ಬರೆದರೂ ನಡೆಯುತ್ತದೆ. ನೋಂದಣಿಯೂ ಕಡ್ಡಾಯವಲ್ಲ. ಕಾನೂನು ಪಟ್ಟು ಹಿಡಿಯುವುದು ಸಹಿ ಮತ್ತು ಸಾಕ್ಷಿಯ ವಿಚಾರದಲ್ಲಿ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನಂತೆ (ಮುಸ್ಲಿಮರ ಉಯಿಲಿಗೆ ಇದು ಅನ್ವಯಿಸದು) ಬರೆಸಿದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ಕಣ್ಣಾರೆ ಕಂಡಿರಬೇಕು, ಇಲ್ಲವೇ ‘ಇದು ನನ್ನದೇ ಸಹಿ’ ಎಂದು ಅವರ ಬಾಯಿಂದಲೇ ಕೇಳಿರಬೇಕು. ಪ್ರತಿ ಸಾಕ್ಷಿಯೂ ಬರೆಸಿದವರ ಎದುರಿನಲ್ಲೇ ರುಜು ಮಾಡಬೇಕು. ಸಾಕ್ಷಿಗಳಿಬ್ಬರೂ ಒಟ್ಟಿಗೇ ಇರಬೇಕೆಂದೇನಿಲ್ಲ. ಆದರೂ ಒಟ್ಟಿಗೆ ಕೂರಿಸುವುದೇ ಕ್ಷೇಮ.

ಕ್ರಯಪತ್ರದಲ್ಲಿ ತಕರಾರು ಬಂದರೆ ಬರೆದುಕೊಟ್ಟವರನ್ನೇ ಕರೆದು ಕೇಳಬಹುದು. ಉಯಿಲಿನ ವ್ಯಾಜ್ಯ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಅವರು ಇರುವುದಿಲ್ಲ. ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರನ್ನಾದರೂ ಕಟಕಟೆಗೆ ಕರೆಸದೆ ಉಯಿಲು ಸಾಬೀತಾಗದು. ಇಬ್ಬರೂ ತೀರಿಕೊಂಡಿದ್ದರೆ ಒಬ್ಬ ಸಾಕ್ಷಿಯ ಕೈಬರಹವನ್ನೂ ಬರೆಸಿದವರ ಸಹಿಯನ್ನೂ ಬಲ್ಲವರನ್ನು ಹುಡುಕಬೇಕಾಗುತ್ತದೆ. ಆದ್ದರಿಂದ ಎಪ್ಪತ್ತೈದರ ಹಿರಿಯರ ಉಯಿಲಿಗೆ ಅವರದೇ ವಯಸ್ಸಿನ ಸ್ನೇಹಿತರನ್ನು ಸಾಕ್ಷಿ ಹಾಕುವುದು ಸರಿಯಲ್ಲ. ಹತ್ತಿಪ್ಪತ್ತು ವರ್ಷ ಕಿರಿಯರು, ವಿಳಾಸ ಸುಲಭವಾಗಿ ಸಿಗುವವರು, ಆಸ್ತಿಯಲ್ಲಿ ಬಿಡಿಗಾಸಿನ ಪಾಲೂ ಇಲ್ಲದವರು ಬೇಕು. ಕ್ರೈಸ್ತರ ಉಯಿಲಿನಲ್ಲಿ ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಇಲ್ಲವೇ ಹೆಂಡತಿಗೆ ಬಿಟ್ಟ ಆಸ್ತಿ ಅವರಿಗೆ ದಕ್ಕುವುದಿಲ್ಲ. ಹಿಂದೂಗಳಿಗೆ ಆ ನಿಯಮವಿಲ್ಲ, ಆದರೆ ಸಂಶಯಕ್ಕೆ ಅಷ್ಟು ಸಾಕು.

ಸಂಶಯದ ವಿಚಾರದಲ್ಲಿ ಇಂದಿಗೂ ಆಧಾರವಾಗಿರುವುದು ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ, 1959ರ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ ತೀರ್ಪು. ಲಾಭ ಪಡೆಯುವವರೇ ಮುಂದೆ ನಿಂತು ಉಯಿಲು ಬರೆಸಿದ್ದರೆ, ಬರೆಸಿದವರ ಮನಸ್ಸು ಸ್ಥಿಮಿತದಲ್ಲಿತ್ತೇ ಎಂಬ ಅನುಮಾನವಿದ್ದರೆ, ಹಂಚಿಕೆ ಅಸಹಜವಾಗಿದ್ದರೆ, ಆ ಸಂಶಯವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ. ನೋಂದಣಿಯಾಗಿದ್ದ ಮಾತ್ರಕ್ಕೆ ಈ ಹೊಣೆ ಇಳಿಯುವುದಿಲ್ಲ. ತಂದೆಯನ್ನು ಮಗ ಕಚೇರಿಗೆ ಕರೆತಂದು, ಶುಲ್ಕ ಕೊಟ್ಟು, ಪಕ್ಕದಲ್ಲೇ ಕೂತು ಯಾರಿಗೆ ಏನೆಂದು ತಾನೇ ಹೇಳುತ್ತಿದ್ದರೆ ವಕೀಲರು ಅವನನ್ನು ಹೊರಗೆ ಕಳಿಸಬೇಕು. ಹಣ ಯಾರೇ ಕೊಡಲಿ, ಕಕ್ಷಿದಾರರು ತಂದೆ. ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ, ದಿನಾಂಕ ಹಾಕಿ, ಕಡತದಲ್ಲಿ ಬರೆದಿಡಬೇಕು. ಮಗಳಿಗೆ ಏನೂ ಬಿಡುತ್ತಿಲ್ಲವಾದರೆ ಕಾರಣ ಉಯಿಲಿನಲ್ಲೇ ಇರಲಿ: ಮದುವೆಯಲ್ಲಿ ನಿವೇಶನ ಕೊಟ್ಟಿದೆ ಎಂದಾದರೆ ಆ ದಾನಪತ್ರದ ನಂಬರು ಸಮೇತ. ಬರೀ ಮೌನ ಕಂಡರೆ ನ್ಯಾಯಾಧೀಶರು ಕಾರಣ ಕೇಳಿಯೇ ಕೇಳುತ್ತಾರೆ.

ಮನಸ್ಸು ಸ್ಥಿಮಿತದಲ್ಲಿದೆ ಎಂಬ ವೈದ್ಯರ ಪ್ರಮಾಣಪತ್ರವನ್ನು ಸಹಿಯ ದಿನವೇ ಪಡೆಯಬೇಕು, ಹಿಂದಿನ ವಾರದ್ದು ಸಾಲದು. ಪ್ರತಿ ಪುಟಕ್ಕೂ ಸಹಿ. ತಿದ್ದುಪಡಿಯಿದ್ದರೆ ಅದರ ಪಕ್ಕದಲ್ಲಿ ಬರೆಸಿದವರದೂ ಸಾಕ್ಷಿಗಳದೂ ರುಜು. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷಿನಲ್ಲಿ ಉಯಿಲು ಮಾಡಿಕೊಡುವ ರೂಢಿ ನಗರಗಳಲ್ಲಿ ಹೆಚ್ಚು. ‘ಓದಿ ಹೇಳಿ ಅರ್ಥ ಮಾಡಿಸಲಾಗಿದೆ’ ಎಂಬ ಒಂದು ಸಾಲಿನ ಮೇಲೆ ಇಡೀ ಆಸ್ತಿಯನ್ನು ನಿಲ್ಲಿಸುವ ಈ ಅಪಾಯ ಅನಗತ್ಯ. ಕನ್ನಡದಲ್ಲೇ ಬರೆಯಬೇಕು. ಉಯಿಲು ಬರೆದ ವಕೀಲರು ತಾವೇ ಸಾಕ್ಷಿ ಹಾಕಿದರೆ ಮುಂದೆ ಆ ಮೊಕದ್ದಮೆ ನಡೆಸುವಂತಿಲ್ಲ. ಸಾಕ್ಷಿ ಮತ್ತು ವಕೀಲ ಎರಡೂ ಆಗಲು ವೃತ್ತಿನಿಯಮ ಒಪ್ಪದು.

ಇದಕ್ಕೆಲ್ಲ ಮೊದಲು, ಉಯಿಲು ಬರೆಯುವ ಅಧಿಕಾರ ಅವರಿಗೆ ಎಷ್ಟಿದೆ ಎಂದು ತಿಳಿಯಬೇಕು. ಪಹಣಿಯಲ್ಲಿ ಹೆಸರಿದೆ ಎಂದರೆ ಸ್ವಯಾರ್ಜಿತ ಎಂದರ್ಥವಲ್ಲ. ಮೂಲ ಕ್ರಯಪತ್ರ, ವಿಭಾಗಪತ್ರ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ), ಋಣಭಾರ ಪ್ರಮಾಣಪತ್ರ ಎಲ್ಲವನ್ನೂ ನೋಡಬೇಕು. ಪಿತ್ರಾರ್ಜಿತವಾದರೆ ತಮ್ಮ ಪಾಲಿಗಷ್ಟೇ ಉಯಿಲು ಬರೆಯಬಹುದು, ಮತ್ತು ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳನ್ನೂ ಎಣಿಸಿದ ಮೇಲೆ ಆ ಪಾಲು ಅನೇಕರು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮುಸ್ಲಿಮರಿಗೆ ಮಿತಿ ಬೇರೆ: ಅಂತ್ಯಕ್ರಿಯೆಯ ಖರ್ಚು, ಸಾಲ ಕಳೆದು ಉಳಿದದ್ದರ ಮೂರನೇ ಒಂದು ಭಾಗ, ಅದಕ್ಕಿಂತ ಹೆಚ್ಚಿಗೆ ವಾರಸುದಾರರ ಒಪ್ಪಿಗೆ ಬೇಕು.

ವ್ಯಾಜ್ಯವನ್ನು ಅತಿ ಹೆಚ್ಚು ಕಾಲ ಎಳೆದಾಡಿಸುವುದು ಒಂದು ಚಿಕ್ಕ ವಾಕ್ಯ: ‘ಹೆಂಡತಿ ಜೀವಂತ ಇರುವವರೆಗೆ ಅನುಭವಿಸತಕ್ಕದ್ದು, ನಂತರ ಗಂಡುಮಕ್ಕಳಿಗೆ’. ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೇ ಕಲಮಿನ ಮೊದಲ ಉಪಕಲಮಿನಂತೆ, ಜೀವನಾಂಶದ ಹಕ್ಕಿನ ಬದಲಿಗೆ ಕೊಟ್ಟ ಸೀಮಿತ ಹಕ್ಕು ಪೂರ್ಣ ಒಡೆತನವಾಗುತ್ತದೆ; ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ತೀರ್ಪು ಅದನ್ನು ಎತ್ತಿಹಿಡಿದಿದೆ. ಹಿಂದೆ ಯಾವ ಹಕ್ಕೂ ಇಲ್ಲದವರಿಗೆ ಉಯಿಲಿನಿಂದಲೇ ಹೊಸದಾಗಿ ಕೊಟ್ಟದ್ದಾದರೆ ಎರಡನೇ ಉಪಕಲಮು ಅನ್ವಯಿಸಿ ಮಿತಿ ಉಳಿಯುತ್ತದೆ. ಆಸ್ತಿ ಯಾವ ಬಗೆಗೆ ಸೇರುತ್ತದೆ ಎಂಬುದು ತಾಯಿ ಅದನ್ನು ಮಾರಿದ ಮೇಲೆ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾಗುತ್ತದೆ. ಪೂರ್ಣ ಹಕ್ಕು ಕೊಡುವ ಮನಸ್ಸಿದ್ದರೆ ಹಾಗೆಂದೇ ಬರೆಯಬೇಕು. ಇಲ್ಲದಿದ್ದರೆ ಆಕೆಯ ಜೀವನಾಂಶಕ್ಕೆ ಬೇರೆ ಆಸ್ತಿಯನ್ನು ಪೂರ್ಣ ಹಕ್ಕಿನಿಂದ ಕೊಟ್ಟು, ಅದನ್ನು ಸ್ಪಷ್ಟವಾಗಿ ನಮೂದಿಸಬೇಕು.

ಬ್ಯಾಂಕಿನ ಖಾತೆಗೂ ಷೇರುಗಳಿಗೂ ನಾಮಿನಿ ಇದ್ದಾರೆಂದು ಉಯಿಲಿನಿಂದ ಅವನ್ನು ಕೈಬಿಡಬಾರದು. ನಾಮಿನಿ ಹಣ ಪಡೆಯಬಹುದು, ಒಡೆಯರಾಗುವುದಿಲ್ಲ. ಷೇರುಗಳ ವಿಚಾರದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಹೇಳಿದೆ. ಉಯಿಲಿನ ಬದಲು ಈಗಲೇ ದಾನಪತ್ರ ಮಾಡಿಕೊಡುವವರು ಒಂದು ಷರತ್ತನ್ನು ಮರೆಯಬಾರದು: ದಾನ ಪಡೆದವರು ಕೊಟ್ಟವರನ್ನು ನೋಡಿಕೊಳ್ಳಬೇಕೆಂದು ಪತ್ರದಲ್ಲಿ ಇದ್ದರೆ ಮಾತ್ರ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಅದನ್ನು ರದ್ದುಪಡಿಸಿಕೊಳ್ಳುವ ದಾರಿ ಸುಗಮ.

ಉಯಿಲಿನ ಕೊನೆಯ ಆಸ್ತಿ ವಿವರದ ಪಟ್ಟಿಯಲ್ಲಿ, ಅಂದರೆ ಷೆಡ್ಯೂಲಿನಲ್ಲಿ, ಸರ್ವೆ ನಂಬರು, ಚೆಕ್ಕುಬಂದಿ, ಅಳತೆ ಮೂಲಪತ್ರಕ್ಕೆ ತಾಳೆಯಾಗಬೇಕು. ‘ಇಲ್ಲಿ ಹೇಳದ ಉಳಿದೆಲ್ಲ ಆಸ್ತಿ ಇಂಥವರಿಗೆ’ ಎಂಬ ಸಾಲು ಇಲ್ಲದಿದ್ದರೆ ಬಿಟ್ಟುಹೋದ ಆಸ್ತಿ ಉಯಿಲೇ ಇಲ್ಲದಂತೆ ವಾರಸುದಾರರಿಗೆ ಹಂಚಿಕೆಯಾಗುತ್ತದೆ. ಬರೆದ ಮೇಲೆ ಮಾರಿದ ನಿವೇಶನ ಫಲಾನುಭವಿಗೆ ಸಿಗದು, ಅದರ ಹಣವೂ ಸಿಗದು. ಬದಲಾವಣೆ ಚಿಕ್ಕದಾದರೆ ಪೂರಕ ಉಯಿಲು ಸಾಕು, ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಎರಡನೇ ಬಾರಿ ಬದಲಿಸುವಾಗ, ಹಿಂದಿನದೆಲ್ಲ ರದ್ದು ಎಂದು ನಮೂದಿಸಿ ಹೊಸದನ್ನೇ ಬರೆಯುವುದು ಒಳ್ಳೆಯದು.