ಸೋತ ಮೇಲಿನ ಅರ್ಧ ನಿಮಿಷ

ನಾನು ಹೊಸ ವಿಡಿಯೋ ಗೇಮ್ ಮುಗಿಸಿದೆ ಅಂತ ಗೊತ್ತಾದರೆ ಸಾಕು, ಅಕ್ಕನ ಮಗನಿಂದ ಒಂದೇ ಪ್ರಶ್ನೆ ಬರುತ್ತದೆ. “ಮಾಮ, ಹತ್ತಕ್ಕೆ ಎಷ್ಟು?”

“ಯಾವುದರ ಪಕ್ಕ ಇಟ್ಟು ನೋಡ್ಬೇಕು, ಹೇಳು” ಅಂತೀನಿ. ಅವನಿಗೆ ಸಿಟ್ಟು ಬರುತ್ತದೆ. ವಿಮರ್ಶೆ ಬರೆದು ದುಡ್ಡು ತಗೊಳ್ಳೋರು ನೀವು, ಅಂಕ ಕೊಡೋಕೆ ಏನು ಕಷ್ಟ ಅಂತ ಅವನ ವಾದ.

ಕಷ್ಟ ಇದೆ. ವಿಡಿಯೋ ಗೇಮ್‌ಗಳಿಗೆ ವರ್ಷವರ್ಷ ಪ್ರಶಸ್ತಿ ಕೊಡುವ ಸಮಾರಂಭ, 2024ರ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟದ ಪಟ್ಟಿಗೆ ಬಂದಿದ್ದು ಆರು ಆಟ. ಅದರಲ್ಲಿ ಪುಟ್ಟ ರೋಬೋ ಕುಪ್ಪಳಿಸಿಕೊಂಡು ಹೋಗುವ ಆಸ್ಟ್ರೋ ಬಾಟ್ ಇತ್ತು. ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ ಇಸ್ಪೀಟಿನ ಆಟ ಬಲಾಟ್ರೋ ಇತ್ತು. ಕೋತಿರಾಯ ಸುನ್ ವುಕಾಂಗ್‌ನ ಕಥೆಯ ಮೇಲೆ ಕಟ್ಟಿದ ಚೀನಾದ ಬ್ಲ್ಯಾಕ್ ಮಿತ್ ಕೂಡ ಇತ್ತು. ಆಸ್ಟ್ರೋ ಬಾಟ್ ಗೆದ್ದಿತು, ಸಂತೋಷ. ಆದರೆ ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕೋದು ಅಂದರೆ ದೋಸೆ, ಹೋಳಿಗೆ, ಉಪ್ಪಿನಕಾಯಿ ಮೂರಕ್ಕೂ ಒಂದೇ ನಾಲಿಗೆಯಲ್ಲಿ ಮಾರ್ಕ್ಸ್ ಕೊಟ್ಟ ಹಾಗೆ.

ವಿಮರ್ಶೆಗೆ ಬರುವ ಮುಂಚೆ ನಾನು ಬೆಂಗಳೂರಿನ ಒಂದು ಗೇಮ್ ಸ್ಟುಡಿಯೋದಲ್ಲಿ ಟೆಸ್ಟರ್ ಆಗಿದ್ದೆ. ಟೆಸ್ಟರ್ ಕೆಲಸ ಅಂದರೆ ಆಟ ಆಡೋದಲ್ಲ, ಬೇಕಂತಲೇ ಸೋಲೋದು. ಒಂದೇ ಗುಂಡಿಗೆ ನೂರು ಸಲ ಬೀಳೋದು, ಪ್ರತಿ ಸಲ ಎದ್ದಾಗ ಎಲ್ಲಾ ಸರಿಯಾಗಿದೆಯಾ ಅಂತ ನೋಡೋದು. ಆ ಚಾಳಿ ಇನ್ನೂ ಬಿಟ್ಟಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಚಿತ್ರ, ಸದ್ದು, ಕಂಟ್ರೋಲ್ ಅಂತ ಕಾಲಂಗಳಿವೆ. ಜಾಸ್ತಿ ತುಂಬುವುದು ಮಾತ್ರ ‘ಸೋತ ಮೇಲೆ’ ಅನ್ನುವ ಕಾಲಂ. ಗೆದ್ದಾಗ ಎಲ್ಲಾ ಆಟಗಳೂ ಒಂದೇ ಥರ: ದೀಪ, ಬತ್ತಿ, ಡೋಲು. ಸೋತ ಮೇಲಿನ ಅರ್ಧ ನಿಮಿಷದಲ್ಲಿ ಮಾಡಿದವರ ಮನಸ್ಸು ಗೊತ್ತಾಗುತ್ತದೆ.

ಬಲಾಟ್ರೋದಿಂದ ಶುರು ಮಾಡೋಣ. 2024ರ ಫೆಬ್ರವರಿಯಲ್ಲಿ ಬಂತು. ಮಾಡಿದವರು ಕೆನಡಾದವರು, ಲೋಕಲ್‌ಥಂಕ್ ಅನ್ನುವ ಹೆಸರಿಟ್ಟುಕೊಂಡಿದ್ದಾರೆ. ಎಲೆ ಪೋಕರಿನದು, ಆದರೆ ಎದುರಾಳಿ ಇಲ್ಲ. ಕೈಯಲ್ಲಿ ಎಂಟು ಎಲೆ, ಒಂದು ಸಲಕ್ಕೆ ಐದರವರೆಗೆ ಇಳಿಸಬಹುದು. ಮೊದಲ ಸುತ್ತಿನಲ್ಲಿ ನಾಲ್ಕು ಸಲ ಇಳಿಸುವುದರೊಳಗೆ 300 ಅಂಕ ಆಗಬೇಕು.

ಒಂದು ಕೈ ಹತ್ತಿರದಿಂದ ನೋಡಿ. ಐದೂ ಆಟೀನು: ಎಕ್ಕ, ರಾಜ, 9, 6, 2. ಒಂದೇ ಜಾತಿಯ ಐದು ಎಲೆ ಬಂದರೆ ಅದು ಫ್ಲಶ್. ಫ್ಲಶ್‌ಗೆ ಮೂಲ 35 ಚಿಪ್ಸ್ (ಅಂದರೆ ಅಂಕ), ಗುಣಕ 4. ಎಲೆಗಳ ಬೆಲೆ 11, 10, 9, 6, 2, ಒಟ್ಟು 38. ಅಲ್ಲಿಗೆ 73. ನಾಲ್ಕರಿಂದ ಗುಣಿಸಿದರೆ 292. ಎಂಟು ಕಡಿಮೆ! ಈಗ ಆಟದೊಳಗಿನ ಅಂಗಡಿಯಲ್ಲಿ ಸಿಗುವ ತೀರಾ ಸಾದಾ ಜೋಕರ್ ಒಂದನ್ನು ಪಕ್ಕಕ್ಕಿಟ್ಟುಕೊಳ್ಳಿ. ಅದು ಗುಣಕಕ್ಕೆ 4 ಸೇರಿಸುತ್ತದೆ, ಅಷ್ಟೇ. ಅದೇ ಐದು ಎಲೆ ಈಗ 584 ಆಗುತ್ತವೆ. ಇಂಥ ಜೋಕರ್‌ಗಳು 150 ಇವೆ, ಸಾಮಾನ್ಯವಾಗಿ ಐದನ್ನು ಮಾತ್ರ ಇಟ್ಟುಕೊಳ್ಳಬಹುದು. ಎಂಟನೇ ಹಂತದ ಕೊನೆಗೆ ಬರುವ ಹೊತ್ತಿಗೆ ಕೇಳುವ ಅಂಕ ಲಕ್ಷ ಮುಟ್ಟಿರುತ್ತದೆ.

ಪ್ರತಿ ಹಂತದ ಮೂರನೇ ಸುತ್ತು ಬಾಸ್, ಅಂದರೆ ಕೊನೆಗೆ ಅಡ್ಡ ನಿಲ್ಲುವ ಗಟ್ಟಿ ಸವಾಲು. ಒಬ್ಬ ಒಂದೇ ಸಲ ಇಳಿಸಲು ಬಿಡುತ್ತಾನೆ. ಇನ್ನೊಬ್ಬ ರಾಜ, ರಾಣಿ, ಗುಲಾಮರನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆದರೆ ಯಾವ ಬಾಸ್ ಬರ್ತಾನೆ ಅಂತ ಹಂತದ ಶುರುವಿನಲ್ಲೇ ಪರದೆ ಮೇಲೆ ಬರೆದಿರುತ್ತದೆ. ನಾವು ನೋಡಿರುವುದಿಲ್ಲ, ಅಥವಾ ನೋಡಿಯೂ ‘ಆಮೇಲೆ ನೋಡ್ಕೊಳ್ಳೋಣ’ ಅಂದಿರುತ್ತೇವೆ. ಹಾಗಾಗಿ ಸೋತಾಗ ಬೈಯಲು ಯಾರೂ ಸಿಗುವುದಿಲ್ಲ. ಕಂಪ್ಯೂಟರಿನಲ್ಲಿ ಆಡುತ್ತಿದ್ದರೆ ಆರ್ ಕೀ ಒತ್ತಿ ಹಿಡಿಯಿರಿ, ಹೊಸ ಆಟ ಶುರು. ಬೇಸರ ಮಾಡಿಕೊಳ್ಳೋಕೂ ಪುರುಸೊತ್ತು ಕೊಡುವುದಿಲ್ಲ. ಇದು ಈ ಆಟದ ದೊಡ್ಡ ಗುಣ, ರಾತ್ರಿ ಎರಡು ಗಂಟೆಗೆ ಇದೇ ದೊಡ್ಡ ದೋಷ.

ಅಕ್ಕನಿಗೆ ಇದನ್ನು ತೋರಿಸಿದಾಗ ಅವಳ ಮುಖ ಸಣ್ಣಗಾಯಿತು. “ಇದು ಆ ರಮ್ಮಿ ಥರದ್ದೇ ಅಲ್ವೇನೋ?” ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಬಲಾಟ್ರೋದಲ್ಲಿ ಅಸಲಿ ಹಣ ಕಟ್ಟುವುದೇ ಇಲ್ಲ, ಗೆದ್ದರೆ ಸಿಗುವುದೂ ಇಲ್ಲ. ಯುರೋಪಿನ ವಯಸ್ಸಿನ ರೇಟಿಂಗ್ ಸಂಸ್ಥೆ ಪೆಗಿ ಕೂಡ ಅಕ್ಕನ ಹಾಗೇ ಗಾಬರಿಬಿದ್ದು 2024ರಲ್ಲಿ 18 ಅಂತ ಹಾಕಿತ್ತು. ಮೇಲ್ಮನವಿ ಹೋದ ಮೇಲೆ 2025ರ ಫೆಬ್ರವರಿಯಲ್ಲಿ 12ಕ್ಕೆ ಇಳಿಸಿತು.

ಆಸ್ಟ್ರೋ ಬಾಟ್‌ನಲ್ಲೂ ಹೆಚ್ಚುಕಡಿಮೆ ಇದೇ ನೀತಿ, ಬಗೆ ಮಾತ್ರ ಬೇರೆ. ಒಂದೇ ಪೆಟ್ಟಿಗೆ ರೋಬೋ ಔಟ್. ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಿರದ ಚೆಕ್‌ಪಾಯಿಂಟ್‌ನಲ್ಲಿ (ದಾರಿಯಲ್ಲಿ ದಾಟಿಬಂದ ಗುರುತಿನ ಜಾಗದಲ್ಲಿ) ಎದ್ದು ನಿಂತಿರುತ್ತದೆ. ಚೆಕ್‌ಪಾಯಿಂಟ್ ಇಲ್ಲದ ಕಷ್ಟದ ಹಂತಗಳೂ ಇವೆ, ಅವನ್ನು ಪುಟ್ಟದಾಗಿ ಮಾಡಿದ್ದಾರೆ. ಶಿಕ್ಷೆ ಜೋರಾಗಿದ್ದರೆ ದಾರಿ ಗಿಡ್ಡ ಇರಬೇಕು ಅನ್ನುವ ಲೆಕ್ಕ ಟೋಕಿಯೋದ ಟೀಮ್ ಅಸೋಬಿಗೆ ಚೆನ್ನಾಗಿ ಗೊತ್ತು. ಮಕ್ಕಳಿಗೆ ಯಾವುದು ಕೊಡಿಸಲಿ ಅಂತ ಕೇಳುವವರಿಗೆ, ಮನೆಯಲ್ಲಿ ಪಿಎಸ್5 (ಸೋನಿಯ ಗೇಮ್ ಯಂತ್ರ) ಇದ್ದರೆ, ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಆ ಲೆಕ್ಕವನ್ನು ಬೇಕಂತಲೇ ತಿರುಗಿಸಿ ಹಾಕಿದ್ದು ಹಾಲೋ ನೈಟ್: ಸಿಲ್ಕ್‌ಸಾಂಗ್.

ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರಿ ಇದನ್ನು 2019ರಲ್ಲಿ ಘೋಷಿಸಿತು. ಆಟ ಕೈಗೆ ಬಂದಿದ್ದು 2025ರ ಸೆಪ್ಟೆಂಬರ್ 4ಕ್ಕೆ. ಅವತ್ತು ಆಟ ಮಾರುವ ಆನ್‌ಲೈನ್ ಅಂಗಡಿಗಳೇ ಜನರ ನೂಕುನುಗ್ಗಲಿಗೆ ತತ್ತರಿಸಿದವು. ನಮ್ಮಂಥ ವಿಮರ್ಶಕರಿಗೆ ಮುಂಚಿತವಾಗಿ ಪ್ರತಿ ಕೊಡಲಿಲ್ಲ. ಶುರುವಿನಲ್ಲಿ ದುಡ್ಡು ಹಾಕಿ ಬೆಂಬಲಿಸಿದವರಿಗಿಂತ ಮೊದಲು ವಿಮರ್ಶಕರು ಆಡೋದು ನ್ಯಾಯ ಅಲ್ಲ ಅಂದರು. ಸರಿಯಾದ ಮಾತೇ. ಮಾಮೂಲಾಗಿ ಏನಾಗುತ್ತದೆ ಅಂದರೆ, ಬಿಡುಗಡೆಗೆ ಒಂದು ವಾರ ಮುಂಚೆ ಆಟ ತೆರೆಯುವ ಕೋಡ್ ಬರುತ್ತದೆ. ಇಂಥ ದಿನ, ಇಂಥ ಗಂಟೆಯವರೆಗೆ ಬಾಯಿ ಬಿಡಬಾರದು ಅನ್ನುವ ಕರಾರೂ ಜೊತೆಗೆ ಬರುತ್ತದೆ. 40 ಗಂಟೆಯ ಆಟವನ್ನು ಐದು ದಿನದಲ್ಲಿ ಮುಗಿಸಬೇಕು. ಆ ಅವಸರದಲ್ಲಿ ಒಂದೊಂದು ಸೋಲೂ ಡೆಡ್‌ಲೈನ್‌ನಿಂದ ಒಂದು ತುಂಡು ಕಿತ್ತುಕೊಂಡ ಹಾಗೆ ಅನಿಸುತ್ತದೆ. ‘ಆಟ ತುಂಬಾ ಕಷ್ಟ’ ಅಂತ ಬರೆದ ಎಷ್ಟೋ ಸಾಲುಗಳ ಅಸಲಿ ಅರ್ಥ ‘ನನಗೆ ನಿದ್ದೆ ಬರ್ತಿದೆ’ ಅಂತ. ನಾನೂ ಬರೆದಿದ್ದೇನೆ.

ಸಿಲ್ಕ್‌ಸಾಂಗ್ ವಿಚಾರದಲ್ಲಿ ಆ ನೆಪ ಇರಲಿಲ್ಲ. ನಿಧಾನಕ್ಕೆ ಆಡಿದೆ, ನಿಧಾನಕ್ಕೇ ಸತ್ತೆ. ನಾಯಕಿ ಹಾರ್ನೆಟ್‌ಗೆ ಶುರುವಿನಲ್ಲಿ ಐದು ಮುಖವಾಡ, ಅಂದರೆ ಐದು ಜೀವ. ಶತ್ರುಗಳ ಅನೇಕ ಪೆಟ್ಟುಗಳು ಒಂದೇ ಸಲಕ್ಕೆ ಎರಡು ತೆಗೆಯುತ್ತವೆ. ಐದಿದ್ದರೂ ಮೂರೇ ಪೆಟ್ಟಿಗೆ ಕಥೆ ಮುಗೀತು, ಅಲ್ವಾ? ಸತ್ತರೆ ಬೆಂಚಿನ ಹತ್ತಿರ ಏಳಬೇಕು. ಕೈಯಲ್ಲಿದ್ದ ಮಣಿಗಳೆಲ್ಲ (ಆಟದೊಳಗಿನ ದುಡ್ಡು) ಸತ್ತ ಜಾಗದಲ್ಲಿ ಒಂದು ರೇಷ್ಮೆಗೂಡಿನಲ್ಲಿ ಉಳಿಯುತ್ತವೆ. ಅಲ್ಲಿಗೆ ಹೋಗುವುದರೊಳಗೆ ಇನ್ನೊಮ್ಮೆ ಸತ್ತರೆ ಆ ಮಣಿಗಳಿಗೆ ಎಳ್ಳುನೀರು.

ಲಾಸ್ಟ್ ಜಡ್ಜ್ ಅನ್ನುವ ಬಾಸ್ ಹತ್ತಿರ ಹೋಗುವ ದಾರಿ ಆಡಿದವರಿಗೆ ಮರೆಯುವುದಿಲ್ಲ. ಗಾಳಿ ಹೊಡೆಯುವ ಕಲ್ಲುಗಳು, ಡ್ರಿಲ್‌ನಂಥ ಮೂತಿಯ ಹಾರುವ ಹುಳಗಳು. ಪ್ರತಿ ಸಲ ಸೋತಾಗಲೂ ಅಷ್ಟು ದೂರ ಮತ್ತೆ ಓಡಬೇಕು. ಕೊನೆಗೂ ಬಾಸ್ ಬಿದ್ದ ಅಂತ ಕಂಟ್ರೋಲರ್ ಕೆಳಗಿಟ್ಟಿರೋ, ಸಾಯುವಾಗ ಅವನು ಸಿಡಿಯುತ್ತಾನೆ. ಒಂದೇ ಜೀವ ಉಳಿಸಿಕೊಂಡು ಪಕ್ಕದಲ್ಲಿ ನಿಂತಿದ್ದರೆ ನೀವೂ ಹೋದಿರಿ.

ಬಿಡುಗಡೆಯಾಗಿ ಸ್ವಲ್ಪ ದಿನದಲ್ಲೇ ಅಪ್‌ಡೇಟ್ ಬಂದು ಶುರುವಿನ ಒಂದೆರಡು ಬಾಸ್‌ಗಳನ್ನು ಸ್ವಲ್ಪ ಮೆತ್ತಗೆ ಮಾಡಿದರು. ಹಾಗಾದರೆ ಇದು ಕೆಟ್ಟ ವಿನ್ಯಾಸವೇ? ನನ್ನ ನೋಟ್‌ಬುಕ್‌ನಲ್ಲಿ ಎರಡು ದಿನ ಹಾಗೇ ಬರೆದಿತ್ತು. ಮೂರನೇ ದಿನ ಆ ಗೂಡಿನ ಗುಟ್ಟು ಹೊಳೆಯಿತು. ಗೂಡು ಒಡೆದರೆ ಮಣಿಯ ಜೊತೆ ರೇಷ್ಮೆಯೂ ಸಿಗುತ್ತದೆ. ರೇಷ್ಮೆ ತುಂಬಿದ್ದರೆ ಒಂದು ಸಲಕ್ಕೆ ಮೂರು ಮುಖವಾಡ ವಾಪಸ್ ಪಡೆಯಬಹುದು. ಅಂದರೆ ಬಾಸ್ ಇರುವ ಜಾಗದಲ್ಲಿ ಸತ್ತು ಬಿಟ್ಟುಬಂದ ಗೂಡು ಮುಂದಿನ ಸಲ ಜಗಳದ ನಡುವೆ ಕೈಗೆ ಸಿಗುವ ಔಷಧಿ. ಗೂಡನ್ನು ಕಂಡ ಕೂಡಲೇ ಒಡೆಯಬಾರದು, ಪೆಟ್ಟು ತಿಂದ ಮೇಲೆ ಒಡೆಯಬೇಕು. ಆ ಕಾಲಂನಲ್ಲಿ ಬರೆದಿದ್ದನ್ನು ಅರ್ಧ ಹೊಡೆದುಹಾಕಿದೆ. ಓಟದ ಬಗ್ಗೆ ಬರೆದದ್ದನ್ನು ಹಾಗೇ ಬಿಟ್ಟೆ. ಅಷ್ಟು ಓಡಿಸಬೇಕಾಗಿರಲಿಲ್ಲ.

ಚೌಕಾಬಾರ ಆಡಿದವರಿಗೆ ಈ ಸಂಕಟ ಹೊಸದಲ್ಲ. ಕಾಯಿ ಒಳಮನೆಯ ಬಾಗಿಲಲ್ಲಿ ನಿಂತಿರುತ್ತದೆ, ಎದುರಿನವರಿಗೆ ಕವಡೆಯಲ್ಲಿ ಬೇಕಾದ ಗರವೇ ಬಿದ್ದು ಕಡಿದುಬಿಡುತ್ತಾರೆ. ಮತ್ತೆ ಮೊದಲಿನಿಂದ ಇಡೀ ಸುತ್ತು. ನಮ್ಮಜ್ಜಿ ಅದನ್ನು ನಗ್ತಾ ನಗ್ತಾ ಮಾಡೋರು. ಅಲ್ಲಿ ಕಡಿದವರು ಎದುರಿಗೇ ಕೂತಿರುತ್ತಾರೆ, ಸಿಟ್ಟಿಗೆ ಒಂದು ಮುಖ ಇರುತ್ತದೆ. ಒಂಟಿಯಾಗಿ ಆಡುವ ಆಟದಲ್ಲಿ ಅದಿಲ್ಲ.

ಅದಕ್ಕೇ ಜೋಡಿಯಾಗಿ ಆಡುವ ಆಟಗಳನ್ನು ಬೇರೆಯೇ ಕಣ್ಣಿಂದ ನೋಡಬೇಕು. ಸ್ಟಾಕ್‌ಹೋಮ್‌ನ ಹೇಜ್‌ಲೈಟ್ 2025ರ ಮಾರ್ಚ್‌ನಲ್ಲಿ ತಂದ ಸ್ಪ್ಲಿಟ್ ಫಿಕ್ಷನ್ ಒಬ್ಬರೇ ಆಡಲು ಆಗುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರು ಫ್ರೆಂಡ್ಸ್ ಪಾಸ್‌ನಲ್ಲಿ ಬಿಟ್ಟಿಯಾಗಿ ಸೇರಬಹುದು. ಇದಕ್ಕೆ ನಾನು ಅಕ್ಕನನ್ನು ಕೂರಿಸಿದೆ. ಇಪ್ಪತ್ತು ವರ್ಷ ಆಡಿದ ಕೈ ನನ್ನದು, ಆ ಕೈಯಿಂದ ಸೋಲನ್ನು ಅಳೆಯೋಕಾಗಲ್ಲ. ಅಕ್ಕ ಮೊದಲ ಕಾಲು ಗಂಟೆ ಕ್ಯಾಮೆರಾ ತಿರುಗಿಸುವುದನ್ನೇ ಕಲಿತಳು. ಹಾರಬೇಕಾದಲ್ಲಿ ನಡೆದಳು, ನಡೆಯಬೇಕಾದಲ್ಲಿ ಹಾರಿದಳು. ಆದರೆ ಒಬ್ಬರು ಬಿದ್ದರೂ ಇನ್ನೊಬ್ಬರು ನಿಂತಿದ್ದರೆ ಆಟ ನಿಲ್ಲುವುದಿಲ್ಲ, ಬಿದ್ದವರು ಬೇಗ ವಾಪಸ್ ಬರ್ತಾರೆ. ಬಾಸ್ ಎದುರು ಇಬ್ಬರೂ ಒಟ್ಟಿಗೆ ಬಿದ್ದರೆ ಮಾತ್ರ ಹಿಂದಕ್ಕೆ. ಅಲ್ಲಿ ನನಗೆ ಹೊಸ ಕೆಲಸ ಸಿಕ್ಕಿತು: ಗೆಲ್ಲೋದಲ್ಲ, ಅವಳು ಬರುವವರೆಗೆ ಬದುಕಿರೋದು. “ಇರು ಇರು, ಬಂದೆ” ಅಂತ ಅಕ್ಕ ಕೂಗಿದ್ದನ್ನು ಹಾಗೇ ಬರೆದುಕೊಂಡೆ. ಕಥೆ ಅಷ್ಟಕ್ಕಷ್ಟೆ, ಬಿಡಿ.

ಕಥೆ ಬೇಕು ಅಂದರೆ ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33. ಫ್ರಾನ್ಸ್‌ನ ಮಾಂಪೆಲಿಯೆಯ ಸ್ಯಾಂಡ್‌ಫಾಲ್ ಮಾಡಿದ್ದು, 2025ರ ಏಪ್ರಿಲ್‌ನಲ್ಲಿ ಬಂದು ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಒಂಬತ್ತು ಪ್ರಶಸ್ತಿ ಬಾಚಿಕೊಂಡಿತು. ಒಬ್ಬ ಚಿತ್ರಗಾರ್ತಿ ವರ್ಷಕ್ಕೊಮ್ಮೆ ಕಲ್ಲುಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ, ಆ ವಯಸ್ಸಿನವರೆಲ್ಲ ಗಾಳಿಯಲ್ಲಿ ಕರಗಿಹೋಗುತ್ತಾರೆ. ಈ ವರ್ಷದ ಸಂಖ್ಯೆ 33. ಆಟದ ಬಗೆ ಹಳೆಯದು: ನಮ್ಮ ಸರದಿ, ಅವರ ಸರದಿ. ಹೊಸದು ಅಂದರೆ ಅವರ ಸರದಿಯಲ್ಲೂ ನಮ್ಮ ಬೆರಳಿಗೆ ಕೆಲಸ. ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದರೆ ತಪ್ಪಿಸಿಕೊಳ್ಳಬಹುದು, ಇನ್ನೂ ಕರಾರುವಾಕ್ಕಾಗಿ ಒತ್ತಿದರೆ ತಡೆದು ತಿರುಗಿ ಹೊಡೆಯಬಹುದು. ಶತ್ರು ಬೇಕಂತಲೇ ಕೈ ಎತ್ತಿ ತಡ ಮಾಡುತ್ತಾನೆ, ನಾವು ಮುಂಚೆಯೇ ಒತ್ತಿ ಪೇಚಿಗೆ ಬೀಳುತ್ತೇವೆ. ಇಲ್ಲಿ ಸೋಲು ಅಂದರೆ ತಾಳ ತಪ್ಪೋದು. ನಾಲ್ಕನೇ ಸಲಕ್ಕೆ ಕಿವಿಗೆ ತಾಳ ಹತ್ತುತ್ತದೆ. ನಾನು ಪರದೆ ನೋಡುವುದನ್ನು ಬಿಟ್ಟು ಸದ್ದು ಕೇಳಲು ಶುರು ಮಾಡಿದ ಮೇಲೇ ಸರಿಹೋಯಿತು. ಹೆಡ್‌ಫೋನ್ ಹಾಕಿಕೊಂಡೇ ಆಡಿ. ತಾಳ ಹತ್ತದವರಿಗೆ ಸ್ಟೋರಿ ಅನ್ನುವ ಸುಲಭದ ಮಟ್ಟ ಇದೆ, ಅದರಲ್ಲಿ ನಾಚಿಕೆ ಏನಿಲ್ಲ.

ಬ್ಲೂ ಪ್ರಿನ್ಸ್‌ನಲ್ಲಿ ಸೋಲು ಅನ್ನೋದು ಸಂಜೆ ಆದ ಹಾಗೆ. 45 ಕೋಣೆಯ ಬಂಗಲೆಯಲ್ಲಿ 46ನೆಯದನ್ನು ಹುಡುಕಬೇಕು. ಬೆಳಿಗ್ಗೆ 50 ಹೆಜ್ಜೆ ಕೊಡುತ್ತಾರೆ. ಪ್ರತಿ ಬಾಗಿಲಲ್ಲಿ ಮೂರು ನಕ್ಷೆ, ಒಂದನ್ನು ಆರಿಸಿದರೆ ಮುಂದಿನ ಕೋಣೆ ಅದೇ ಆಗುತ್ತದೆ. ಹೆಜ್ಜೆ ಮುಗಿದರೆ ದಿನ ಮುಗೀತು, ಮಾರನೇ ದಿನ ಮನೆ ಮತ್ತೆ ಖಾಲಿ. ನಮ್ಮ ತಲೆಯಲ್ಲಿ ಮತ್ತು ಪುಸ್ತಕದಲ್ಲಿ ಬರೆದುಕೊಂಡದ್ದು ಮಾತ್ರ ಹೆಚ್ಚುಕಡಿಮೆ ಉಳಿಯುತ್ತದೆ. ಉತ್ತರ ಗೊತ್ತಿದ್ದೂ ಬೇಕಾದ ಕೋಣೆ ಬಾರದ ದಿನಗಳಲ್ಲಿ ಮಾತ್ರ ತಲೆ ಕೆಡುತ್ತದೆ.

ಇನ್ನು ಫೋನಿನ ಬಿಟ್ಟಿ ಆಟಗಳು. ಅವುಗಳಲ್ಲಿ ಎಷ್ಟೋ ಆಟಗಳ ಆ ಅರ್ಧ ನಿಮಿಷ ಮಾರಾಟಕ್ಕಿರುತ್ತದೆ. ಸೋತ ಕೂಡಲೇ ‘ಇನ್ನೊಂದು ಜೀವ ಬೇಕಾ?’, ಪಕ್ಕದಲ್ಲಿ ಹಿಂದೆಣಿಕೆಯ ಗಡಿಯಾರ, ಕೆಳಗೆ ಬೆಲೆ. ಹಸಿರು ಬಟನ್ ದೊಡ್ಡದು, ಬೇಡ ಅನ್ನುವ ಅಕ್ಷರ ಇರುವೆಯಷ್ಟು. ಒಮ್ಮೆ ಹೀಗೆ ನಾಲ್ಕು ದಿನದಲ್ಲಿ ನನ್ನ ಕೈಯಿಂದ 340 ರೂಪಾಯಿ ಹೋಯಿತು. ಆ ವಿಮರ್ಶೆಯಲ್ಲಿ ಚಿತ್ರ ಚೆನ್ನಾಗಿದೆ, ಸದ್ದು ಚೆನ್ನಾಗಿದೆ ಅಂತ ಬರೆದೆ. ಅದು ಸುಳ್ಳಲ್ಲ. 340 ರೂಪಾಯಿಯನ್ನು ಮೊದಲ ಸಾಲಿಗೇ ಹಾಕಿದೆ.

ಸೋಲೇ ಇಲ್ಲದ ಆಟಕ್ಕೆ ಏನು ಮಾಡೋದು? 2023ರ ವೆಂಬಾ ಅಂಥದ್ದು. ಟೊರೊಂಟೊದ ವಿಸೈ ಗೇಮ್ಸ್ ಮಾಡಿದ್ದು, ಮರುವರ್ಷ ಬ್ರಿಟನ್ನಿನ ಬಾಫ್ಟಾದಲ್ಲಿ ಚೊಚ್ಚಲ ಆಟದ ಪ್ರಶಸ್ತಿ ಪಡೆಯಿತು. ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ದಂಪತಿ, ಅಲ್ಲೇ ಬೆಳೆಯುವ ಮಗ, ಅಮ್ಮನ ಹರಿದುಹೋದ ಅಡುಗೆ ಪುಸ್ತಕ. ಅಡುಗೆ ತಪ್ಪಿದರೆ ಯಾರೂ ಬೈಯುವುದಿಲ್ಲ, ಇನ್ನೊಮ್ಮೆ ಮಾಡಬಹುದು. ಸಿನಿಮಾ ನೋಡುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ.

ಮೊದಲ ಅಡುಗೆ ಇಡ್ಲಿ. ನಾನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದೆ. ಸೋಫಾದಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅಮ್ಮ ಕನ್ನಡಕದ ಮೇಲಿಂದ ನೋಡಿದರು.

“ಹಾಗ್ಯಾಕಿಡ್ತಿ? ಗುಳಿ ಮೇಲೆ ಗುಳಿ ಬಂದ್ರೆ ಇಡ್ಲಿ ಉಬ್ಬೋಕೆ ಜಾಗ ಎಲ್ಲಿ? ಆ ಮಧ್ಯದ್ದನ್ನ ತಿರುಗ್ಸು.”

ತಿರುಗಿಸಿದೆ. ಆವಿ ಬಂತು. ಕಾಲಂನಲ್ಲಿ ಏನೂ ಬರೆಯಲಿಲ್ಲ. ಅಷ್ಟರಲ್ಲಿ ಅಕ್ಕನ ಮಗನ ಮೆಸೇಜ್ ಬಂದಿತ್ತು: “ಮಾಮ, ಇಡ್ಲಿ ಗೇಮ್‌ಗೆ ಎಷ್ಟು?” ಫೋನನ್ನು ಅಮ್ಮನ ಕೈಗೆ ಕೊಟ್ಟೆ.